ಉಳಿದ ಹನ್ನೊಂದು ರೊಟ್ಟಿ

"ಗುರುಗಳೇ, ಅನ್ನದಲ್ಲಿ ಉಳಿತಾಯ ಮಾಡುವುದು ಪುಣ್ಯವೋ, ಪಾಪವೋ?"

ಕೇಳಿದವನು ಶಿವಪುತ್ರಯ್ಯ. ಮೂರು ತಿಂಗಳ ಹಿಂದೆ ಮಠದ ಅಡುಗೆಮನೆಯ ಹೊಣೆ ಅವನ ಕೈಗೆ ಬಂದಿತ್ತು. ಅಲ್ಲಿಯವರೆಗೆ ದಿನವೂ ಪೇಟೆಗೆ ಓಡುವುದು, ದಿನವೂ ಹೊಸದಾಗಿ ಬೇಯಿಸುವುದು, ಮಿಕ್ಕಿದ್ದನ್ನು ಚೆಲ್ಲುವುದು ನಡೆದಿತ್ತು. ಅವನು ಬಂದಮೇಲೆ ವಾರಕ್ಕೆ ಬೇಕಾದ ರೊಟ್ಟಿಯನ್ನು ಒಂದೇ ದಿನ ಬಡಿಯಿಸಿ ಇಡಿಸಿದ. ಚಟ್ನಿ ಪುಡಿಗಳನ್ನು ತಿಂಗಳಿಗೊಮ್ಮೆ ಕುಟ್ಟಿಸಿದ. ಸಂತೆಯ ದಿನವೇ ಕಾಯಿಪಲ್ಯ ತರಿಸಿ, ಯಾವುದು ಮೊದಲು ಕೆಡುತ್ತದೋ ಅದನ್ನು ಮೊದಲು ಮಾಡಿಸಿದ. ಖರ್ಚು ಅರ್ಧಕ್ಕೆ ಇಳಿಯಿತು. ಆದರೆ ಹಳೆಯ ಅಡುಗೆಯವರು ಗೊಣಗಿದರು. ಮಠದ ಒಲೆ ಹೀಗೆ ದಿನಗಟ್ಟಲೆ ತಣ್ಣಗಿರುವುದು ಒಳ್ಳೆಯದಲ್ಲ ಎಂದು ಅವರ ತಕರಾರು. ಅದಕ್ಕೇ ಅವನು ಗುರುಗಳ ಮುಂದೆ ಬಂದು ನಿಂತಿದ್ದ.

ಗುರುಗಳು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿ ನಕ್ಕರು. "ನೀನು ಕೇಳಲಿಕ್ಕೆ ಬಂದಿಲ್ಲ ತಮ್ಮಾ, ಬೆನ್ನು ತಟ್ಟಿಸಿಕೊಳ್ಳಲಿಕ್ಕೆ ಬಂದಿದ್ದೀ. ಕೂಡು. ಮೊದಲು ಒಂದು ಕತೆ ಕೇಳು. ಬೆನ್ನು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹೇಳಿ, ಕಾಲು ಮಡಚಿ ಕುಳಿತು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ. ಒಟ್ಟು ಐದು ಜನ. ಪೇಟೆಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ, ಇನ್ನೊಬ್ಬರ ಮಷಿನ್ ಮೇಲೆ ಹೊಲಿಯುತ್ತಿದ್ದ. ಕೈ ಒಳ್ಳೆಯದಿತ್ತು. ಒಮ್ಮೆ ಅಳತೆ ತೆಗೆದುಕೊಂಡರೆ ಮತ್ತೆ ಟೇಪು ಹಿಡಿಯುತ್ತಿರಲಿಲ್ಲ. ಅವನಿಗೆ ಒಂದೇ ಒಂದು ಆಸೆ. ಸ್ವಂತ ಅಂಗಡಿ, ಸ್ವಂತ ಮಷಿನ್. ಅದಕ್ಕಿಂತ ಹೆಚ್ಚಿನದನ್ನು ಅವನು ದೇವರ ಹತ್ತಿರವೂ ಕೇಳಿದವನಲ್ಲ.

ಆದರೆ ದುಡಿದದ್ದೆಲ್ಲ ಬಾಯಿಗೇ ಹೋಗುತ್ತಿತ್ತು. ಮಧ್ಯಾಹ್ನ ಅವನು ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಸಂಜೆ ಗೆಳೆಯರ ಜೊತೆ ಮಿರ್ಚಿ ಭಜಿ, ಚಹಾ. ಹೆಂಡತಿ ಮನೆಯಲ್ಲೇ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಕೆಲಸ ಹೆಚ್ಚಿದ ದಿನ ಅಡುಗೆ ಮಾಡಲು ಆಗದೆ ಹೊರಗಿನಿಂದಲೇ ಕಟ್ಟಿಸಿ ತರಿಸುತ್ತಿದ್ದಳು. ಮಕ್ಕಳು ಶಾಲೆಯಿಂದ ಬರುತ್ತಲೇ ಕೈ ಚಾಚುತ್ತಿದ್ದವು. ತಿಂಗಳ ಕೊನೆಗೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಒಂದು ದೀಪಾವಳಿ ಮುಗಿದ ಮರುದಿನ ಹೆಂಡತಿ ಸೆರಗು ಬಿಗಿದಳು. ಇನ್ನು ಮೇಲೆ ಈ ಮನೆಯಲ್ಲಿ ಹೊರಗಿನ ಒಂದು ತುತ್ತೂ ಬರಕೂಡದು ಎಂದಳು. ಗಂಡ ನಕ್ಕ. ನಕ್ಕವನು ಎರಡೇ ವಾರದಲ್ಲಿ ಬಾಯಿ ಮುಚ್ಚಿದ.

ಆಕೆ ಮಾಡಿದ್ದು ಇಷ್ಟೇ. ಶನಿವಾರ ಸಂತೆ ಏಳುವ ಹೊತ್ತಿಗೆ ಹೋಗಿ, ಮಾರುವವರು ಮನೆಗೆ ಹೋಗುವ ಅವಸರದಲ್ಲಿದ್ದಾಗ ಕಾಯಿಪಲ್ಯ ಕೊಳ್ಳುತ್ತಿದ್ದಳು. ಮಡಕಿ ಕಾಳು ನೆನೆ ಹಾಕಿ ಮೊಳಕೆ ಬರಿಸುತ್ತಿದ್ದಳು. ರವಿವಾರ ನಸುಕಿನಲ್ಲಿ ಒಲೆ ಹಚ್ಚಿದರೆ ಮಧ್ಯಾಹ್ನದ ತನಕ ರೊಟ್ಟಿ ಬಡಿಯುತ್ತಿದ್ದಳು. ರವಿವಾರದ ಊಟಕ್ಕೆ ಬಿಸಿ ರೊಟ್ಟಿ. ಉಳಿದ ಆರು ದಿನಕ್ಕೆ ಖಡಕ್ ರೊಟ್ಟಿ. ನಿನಗೆ ಗೊತ್ತಲ್ಲ, ತೆಳ್ಳಗೆ ಬಡಿದು ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ನೀರು ಆರಿಸಿದರೆ ತಿಂಗಳಿಟ್ಟರೂ ಕೆಡುವುದಿಲ್ಲ. ಗಂಡನಿಗೆ ದಿನಕ್ಕೆ ನಾಲ್ಕು, ತನಗೆ ನಾಲ್ಕು, ಮಕ್ಕಳಿಗೆ ಎರಡೆರಡು, ಅತ್ತೆಗೆ ಎರಡು. ದಿನಕ್ಕೆ ಹದಿನಾಲ್ಕು. ಆರು ದಿನಕ್ಕೆ ಎಂಬತ್ತನಾಲ್ಕು. ಎಣಿಸಿ ಬುಟ್ಟಿಯಲ್ಲಿ ಹೊಂದಿಸಿ, ಮೇಲೆ ಅರಿವೆ ಮುಚ್ಚಿ ಇಡುತ್ತಿದ್ದಳು.

ಸಾರು, ಪಲ್ಯ ರವಿವಾರ ಮಾಡಿದ್ದು ಸೋಮವಾರದ ತನಕ ಬರುತ್ತಿತ್ತು. ಮಂಗಳವಾರದಿಂದ ಶೇಂಗಾ ಪುಡಿ, ಅಗಸಿ ಪುಡಿ, ಗುರೆಳ್ಳು ಪುಡಿ. ಮೇಲೆ ನಾಲ್ಕು ಹನಿ ಎಣ್ಣೆ, ಕಡಿಯಲು ಒಂದು ಉಳ್ಳಾಗಡ್ಡಿ. ಬೆಳಿಗ್ಗೆ ಒಂದು ಸಲ ಚಹಾಕ್ಕೆ ಬಿಟ್ಟರೆ ಒಲೆಯ ಕೆಲಸವೇ ಇಲ್ಲ. ಗ್ಯಾಸ್ ಉಳಿಯಿತು, ಹೊತ್ತು ಉಳಿಯಿತು. ಉಳಿದ ಹೊತ್ತಿನಲ್ಲಿ ಆಕೆ ಇನ್ನಷ್ಟು ಗುಂಡಿ ಹಚ್ಚಿದಳು.

ತಲೆದೂಗುತ್ತಿದ್ದೀ. ದೂಗು. ಅದರಲ್ಲಿ ತಪ್ಪು ಹಿಡಿಯುವಂಥದ್ದು ಏನೂ ಇಲ್ಲ. ಅವಳು ಜಾಣೆ, ಸೋಮಾರಿಯಲ್ಲ, ಜಿಪುಣಿಯೂ ಅಲ್ಲ. ಯಾರ ಪಾಲನ್ನೂ ಕಡಿಮೆ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವಳನ್ನು ಬೈಯಬೇಡ.

ಅತ್ತೆಗೆ ನಾಲ್ಕು ಹಲ್ಲಿದ್ದವು. ಮೇಲೆ ಎರಡು, ಕೆಳಗೆ ಎರಡು. ಅವೂ ಎದುರುಬದುರು ಇರಲಿಲ್ಲ.

ಮೊದಲೆಲ್ಲ ದಿನ ಬೆಳಿಗ್ಗೆ ಮೆತ್ತನೆಯ ಬಿಸಿ ರೊಟ್ಟಿ ಆಗುತ್ತಿತ್ತು. ಮುದುಕಿ ಅದನ್ನು ಮುರಿದು ಬೇಳೆಯಲ್ಲಿ ಕಲಸಿ ಉಣ್ಣುತ್ತಿದ್ದಳು. ಈಗ ರವಿವಾರ ಅವಳಿಗೆ ಹಬ್ಬ. ಸೋಮವಾರ ತಣ್ಣನೆಯ ಸಾರಿನಲ್ಲಿ ಖಡಕ್ ರೊಟ್ಟಿ ನೆನೆಸಿಕೊಂಡು ಹೇಗೋ ನುಂಗುತ್ತಿದ್ದಳು. ಮಂಗಳವಾರದಿಂದ ಸಾರಿಲ್ಲ. ಚಹಾದಲ್ಲಿ ಅದ್ದಿ ನೋಡಿದಳು. ಅರ್ಧ ಕಪ್ ಚಹಾದಲ್ಲಿ ಎಷ್ಟು ರೊಟ್ಟಿ ನೆನೆದೀತು? ನೀರಿನಲ್ಲಿ ನೆನೆಸಿ ಪುಡಿ ಹಚ್ಚಿಕೊಂಡಳು. ಖಾರಕ್ಕೆ ಒಸಡು ಉರಿಯಿತು, ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಸೊಸೆ ಗುಂಡಿ ಹಚ್ಚಿದ ಅಂಗಿಗಳ ಗಂಟು ಕೊಡಲು ಪೇಟೆಗೆ ಹೋದಾಗ, ತನ್ನ ಪಾಲಿನ ರೊಟ್ಟಿಯನ್ನು ತೆಗೆದುಕೊಂಡು ಹೋಗಿ ಮತ್ತೆ ಬುಟ್ಟಿಯೊಳಗೆ ಇಟ್ಟಳು.

ಶನಿವಾರ ಸೊಸೆ ಬುಟ್ಟಿ ನೋಡಿದಾಗ ಮೂರು ರೊಟ್ಟಿ ಉಳಿದಿದ್ದವು. ಅವಳಿಗೆ ಹಿಡಿಸಲಾರದಷ್ಟು ಸಂತೋಷ. ಖಡಕ್ ರೊಟ್ಟಿ ಹೊಟ್ಟೆಯಲ್ಲಿ ನಿಲ್ಲುತ್ತದೆ, ಹಸಿವೆ ಬೇಗ ಆಗುವುದಿಲ್ಲ ಎಂದು ಗಂಡನಿಗೆ ಹೇಳಿದಳು. ಗಂಡನೂ ಹೌದೆಂದ. ಮುಂದಿನ ರವಿವಾರ ಮೂರು ಕಡಿಮೆ ಬಡಿದಳು. ಸಂಕ್ರಮಣದ ಹೊತ್ತಿಗೆ ವಾರಕ್ಕೆ ಏಳು ಉಳಿಯತೊಡಗಿದವು. ಶಿವರಾತ್ರಿಯ ಹೊತ್ತಿಗೆ ಹನ್ನೊಂದು.

ಓಣಿಯ ಹೆಂಗಸರು ನೋಡಲು ಬಂದರು. ಆಕೆ ಬುಟ್ಟಿ ಇಳಿಸಿ ತೋರಿಸಿದಳು. ಯಾವ ಪುಡಿ ಎಷ್ಟು ದಿನ ತಾಳುತ್ತದೆ, ಯಾವ ಕಾಳು ಯಾವಾಗ ನೆನೆ ಹಾಕಬೇಕು, ಎಲ್ಲ ಬಿಡಿಸಿ ಹೇಳಿದಳು. ಸೊಸೆಯ ಅಡುಗೆ ಹೇಗಿದೆ ಎಂದು ಅವರು ಮುದುಕಿಯನ್ನು ಕೇಳಿದರು. ಬಾಳ ಛಲೋ ಐತಿ ಎಂದಳು ಮುದುಕಿ. ನನ್ನ ಸೊಸೆಯಂಥವಳು ಏಳು ಊರಲ್ಲಿ ಸಿಗಲಿಕ್ಕಿಲ್ಲ ಎಂದೂ ಸೇರಿಸಿದಳು. ಅದು ಬಾಯುಪಚಾರವಲ್ಲ, ಮನಸ್ಸಿನಿಂದಲೇ ಹೇಳಿದ್ದು.

ಉಂಡೆಯಾ ಎಂದು ಕೇಳಿದರೆ ಅವಳಿಗೆ ಒಂದೊಂದು ಉಪವಾಸ. ಸೋಮವಾರ ಮಾತ್ರ ಉಪವಾಸವಿರಲಿಲ್ಲ, ಸಾರು ಇರುತ್ತಿತ್ತಲ್ಲ. ಮಂಗಳವಾರ ಗ್ರಾಮದೇವತೆಗೆ, ಗುರುವಾರ ಗುರುವಿಗೆ, ಶನಿವಾರ ಹಣಮಪ್ಪನಿಗೆ. ನಡುವೆ ಅಮಾವಾಸ್ಯೆ, ಹುಣ್ಣಿಮೆ. ಉಳಿದ ದಿನ ನೀವು ಉಣ್ಣಿರಿ, ನಾ ಆಗಲೇ ಉಂಡೆ ಎನ್ನುತ್ತಿದ್ದಳು. ಮಗ ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡ, ವಯಸ್ಸಾದಂತೆ ನಮ್ಮವ್ವನ ಭಕ್ತಿ ಹೆಚ್ಚಾಗುತ್ತಿದೆ ಎಂದು. ಭಕ್ತಿಯಂತೆ! ಹಸಿದ ಮುದುಕಿಯ ಸುಳ್ಳನ್ನು ಮನೆಮಂದಿಯೆಲ್ಲ ಸೇರಿ ಭಕ್ತಿ ಎಂದರು.

ಶಿವಪುತ್ರಯ್ಯ ಇಲ್ಲಿ ತಡೆಯದೆ ನಡುವೆ ಬಾಯಿ ಹಾಕಿದ. "ನನಗೆ ಅಗಿಯಲಿಕ್ಕೆ ಆಗುವುದಿಲ್ಲ ಎಂದು ಅವಳು ಒಂದು ಮಾತು ಹೇಳಬಹುದಿತ್ತಲ್ಲ, ಗುರುಗಳೇ?"

"ನಿನ್ನ ಬಾಯಲ್ಲಿ ಮೂವತ್ತೆರಡು ಹಲ್ಲಿವೆ. ಅದಕ್ಕೇ ನಿನಗೆ ಹಾಗೆ ಅನ್ನಿಸುತ್ತದೆ" ಎಂದರು ಗುರುಗಳು. "ಮುಂದೆ ಕೇಳು."

ಯಾರಿಗೂ ಯಾಕೆ ಕಾಣಲಿಲ್ಲ ಗೊತ್ತೇ? ಆ ಮನೆಯಲ್ಲಿ ಯಾರೂ ಯಾರ ಜೊತೆಗೂ ಕೂತು ಉಣ್ಣುತ್ತಿರಲಿಲ್ಲ. ಅಡುಗೆ ಆಗಿಯೇ ಇತ್ತು. ಗಂಡ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದ. ಮಕ್ಕಳು ಬಂದಾಗ ತಾವೇ ಬುಟ್ಟಿಗೆ ಕೈ ಹಾಕುತ್ತಿದ್ದವು. ಹೆಂಡತಿ ಸೂಜಿ ಕೆಳಗಿಡದೆ ಎಡಗೈಯಲ್ಲಿ ಮುರಿದುಕೊಂಡು ತಿನ್ನುತ್ತಿದ್ದಳು. ಹಸಿದವರು ಹಸಿದಾಗ ತೆಗೆದುಕೊಳ್ಳಲಿ ಎಂಬುದೇ ಏರ್ಪಾಡು. ರವಿವಾರವಂತೂ ಆಕೆ ಒಲೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಮುದುಕಿ ಅವತ್ತು ಎಷ್ಟು ಆತುರದಿಂದ ಉಂಡಳು ಎಂದು ತಿರುಗಿ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಯುಗಾದಿ ಹತ್ತಿರ ಬಂತು. ಕೂಡಿಟ್ಟ ಹಣ ಸಾಲುವಷ್ಟಾಯಿತು. ದರ್ಜಿ ಪೇಟೆಯ ಕೊನೆಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದ. ಹೊಸ ಮಷಿನ್ ತಂದು ನಿಲ್ಲಿಸಿದ. ಶುಕ್ರವಾರ ಪೂಜೆ ಎಂದು ಗೊತ್ತಾಯಿತು. ಮಷಿನ್ನಿನ ಮೊದಲ ಹೊಲಿಗೆ ತಾಯಿಯ ಕುಪ್ಪಸದ್ದೇ ಆಗಲಿ, ಅದನ್ನು ತೊಟ್ಟು ಅವಳೇ ದೀಪ ಹಚ್ಚಲಿ ಎಂದುಕೊಂಡ. ಅವಳ ಅಳತೆ ಅವನಿಗೆ ಬಾಯಿಪಾಠ. ಹೊಲಿದು ತಂದು ಕೊಟ್ಟ.

ಕುಪ್ಪಸ ಅವಳ ಮೈಮೇಲೆ ನಿಲ್ಲಲಿಲ್ಲ. ಹೆಗಲಿನಿಂದ ಜಾರಿತು. ಛೇ, ಕತ್ತರಿಸುವಾಗ ತಪ್ಪಿತಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ. ಅಲ್ಲೇ ಕುಳಿತು ಹೊಲಿಗೆ ಬಿಚ್ಚಿ, ಎರಡೂ ಕಡೆ ಎರಡೆರಡು ಬೆರಳು ಒಳಗೆ ಹಿಡಿದು, ಮತ್ತೆ ಹೊಲಿದು ಕೊಟ್ಟ. ಅದು ಸರಿಯಾಗಿ ಕೂತಿತು. ಅವನು ಸಮಾಧಾನ ಪಟ್ಟ.

ಆ ಊರಿನ ಎಲ್ಲರ ಮೈಯೂ ಅವನ ಕೈಗೆ ಗೊತ್ತಿತ್ತು. ದಪ್ಪಗಾದವರನ್ನು ಕಂಡು ನಗೆಚಾಟಿಕೆ ಮಾಡುತ್ತಿದ್ದ, ಸೊರಗಿದವರನ್ನು ಏನಾಯಿತು ಎಂದು ವಿಚಾರಿಸುತ್ತಿದ್ದ. ಹೆತ್ತ ತಾಯಿಯ ಮೈ ನಾಲ್ಕು ಬೆರಳು ಕರಗಿತ್ತು. ಅವನು ಅರಿವೆಯನ್ನು ತಿದ್ದಿದ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಮಳಿಗೆಗೆ ಹೋದರು. ಮಳಿಗೆಯ ಮುಂದೆ ಗಟಾರ, ಅದರ ಮೇಲೆ ಮೂರು ಎತ್ತರದ ಮೆಟ್ಟಿಲು. ಮುದುಕಿ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಹಾಗೇ ನಿಂತಳು. ನಿಲ್ಲು ಅವ್ವಾ, ನಾನು ಎತ್ತಿಕೊಳ್ಳುತ್ತೇನೆ ಎಂದು ಮಗ ಬಂದ. ಭಾರ ಬರುತ್ತದೆಂದು ಸೊಂಟ ಗಟ್ಟಿ ಮಾಡಿ, ಉಸಿರು ಹಿಡಿದು ಎತ್ತಿದ.

ಭಾರವೇ ಬರಲಿಲ್ಲ. ತಾನು ಹಾಕಿದ ಬಲಕ್ಕೆ ತಾನೇ ಹಿಂದಕ್ಕೆ ವಾಲಿದ. ಬೀಳದಂತೆ ಗೋಡೆಗೆ ಒರಗಿ ನಿಂತು ತೋಳಿನಲ್ಲಿದ್ದವಳನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನು ತಾಯಿಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು. ಕೆನ್ನೆ ಇದ್ದಲ್ಲಿ ಕುಳಿ. ಕಣ್ಣು ಮೇಲಾಗಿತ್ತು. ದೀಪ, ಪೂಜೆ, ಮಷಿನ್ ಎಲ್ಲ ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದರು.

ಡಾಕ್ಟರು ಮುದುಕಿಯ ಕೈ ಹಿಡಿದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಗಂಡಹೆಂಡತಿಯ ಕಡೆ ತಿರುಗಿ ಕೇಳಿದರು. "ಇವರು ಹಿಂದಿನ ಸಲ ಊಟ ಮಾಡಿದ್ದನ್ನು ಯಾರು ನೋಡಿದ್ದೀರಿ?"

ಗಂಡ ಹೆಂಡತಿಯನ್ನು ನೋಡಿದ. ಹೆಂಡತಿ ಗಂಡನನ್ನು ನೋಡಿದಳು. ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಇವೆ, ಡಬ್ಬಿಯಲ್ಲಿ ಎಷ್ಟು ಪುಡಿ ಇದೆ, ಸಿಲಿಂಡರಿನಲ್ಲಿ ಇನ್ನೆಷ್ಟು ದಿನದ ಗ್ಯಾಸ್ ಇದೆ ಎಂದು ಕೇಳಿದ್ದರೆ ಆಕೆ ನಿದ್ದೆಯಲ್ಲೂ ಹೇಳುತ್ತಿದ್ದಳು.

ಮುದುಕಿಗೆ ಸಲಾಯಿನ್ ಹಚ್ಚಿದರು. ಹೊದಿಕೆ ತರಲೆಂದು ಸೊಸೆ ಮನೆಗೆ ಬಂದಳು. ಹೊದಿಕೆ ತೆಗೆಯದೆ ಮೊದಲು ಬುಟ್ಟಿ ಇಳಿಸಿದಳು. ಯಾಕೆ ಇಳಿಸಿದಳೋ ಅವಳಿಗೇ ಗೊತ್ತಿಲ್ಲ. ಅರಿವೆ ಸರಿಸಿ ಒಂದೊಂದೇ ರೊಟ್ಟಿ ತೆಗೆದು ನೆಲದ ಮೇಲೆ ಹರವಿದಳು. ನಡುವಿನ ಒಂದು ರೊಟ್ಟಿಯ ಅಂಚು ಒದ್ದೆಯಾಗಿ ಮತ್ತೆ ಒಣಗಿ ಸುರುಟಿಕೊಂಡಿತ್ತು. ಅದರ ಮೇಲೆ ಹಲ್ಲಿನ ಗುರುತು. ಒಂದೇ ಹಲ್ಲಿನದು. ಇನ್ನೊಂದರಲ್ಲೂ ಇತ್ತು. ಮತ್ತೊಂದರಲ್ಲೂ ಇತ್ತು.

ಅಂಥ ರೊಟ್ಟಿಗಳನ್ನು ಅವಳು ಹಿಂದೆಯೂ ಕಂಡಿದ್ದಳು. ಮಕ್ಕಳ ಕಿತಾಪತಿ ಇರಬೇಕು ಎಂದುಕೊಂಡು, ಅಂಚು ಮುರಿದು, ಉಳಿದದ್ದಕ್ಕೆ ಎಣ್ಣೆ ಖಾರ ಹಚ್ಚಿ ಸಂಜೆಯ ತಿಂಡಿಗೆ ಮಕ್ಕಳಿಗೇ ಕೊಟ್ಟಿದ್ದಳು. ಅದೂ ಉಳಿತಾಯವೇ ಆಗಿತ್ತು.

ಅತ್ತೆಯ ಪಾಲು ಆರು ದಿನಕ್ಕೆ ಹನ್ನೆರಡು. ವಾರವಾರವೂ ಉಳಿಯುತ್ತಿದ್ದದ್ದು ಹನ್ನೊಂದು. ಆಕೆ ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಹರವಿದ ರೊಟ್ಟಿಗಳ ನಡುವೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡಳು. ಅಳು ಕೂಡ ಬರಲಿಲ್ಲ. ಹೊದಿಕೆಗಾಗಿ ಕಾದು ಕಾದು ಗಂಡ ಮನೆಗೆ ಬಂದಾಗಲೂ ಹಾಗೆಯೇ ಕುಳಿತಿದ್ದಳು. ಅವನು ಬುಟ್ಟಿ ನೋಡಿದ, ನೆಲ ನೋಡಿದ. ಹಲ್ಲಿನ ಗುರುತಿದ್ದ ರೊಟ್ಟಿಯೊಂದನ್ನು ಕೈಗೆತ್ತಿಕೊಂಡ.

ಮುದುಕಿ ಬದುಕಿದಳು. ಮೂರನೆಯ ದಿನ ಕಣ್ಣು ಬಿಟ್ಟಳು. ಸೊಸೆ ಚಮಚದಲ್ಲಿ ಗಂಜಿ ಹಾಕುತ್ತ ಹಾಕುತ್ತ, ಅಷ್ಟು ದಿನ ತಡೆದಿದ್ದನ್ನು ಕೇಳಿಯೇಬಿಟ್ಟಳು. "ಯಾಕ ಹೇಳಲಿಲ್ರೀ ಅತ್ತಿ, ನನಗ ಒಂದ ಮಾತ?"

ಮುದುಕಿ ಗಂಜಿ ನುಂಗಿ ಹೇಳಿದಳು. "ಬುಟ್ಟ್ಯಾಗ ರೊಟ್ಟಿ ಉಳದಾಗೆಲ್ಲಾ ನೀ ನಗತಿದ್ದೆವ್ವಾ. ಈ ಮನ್ಯಾಗ ಏನರೆ ಉಳದದ್ದು ನಾ ಎಂದೂ ಕಂಡಿದ್ದಿಲ್ಲ. ಆ ನಗಿ ಕೆಡಸಾಕ ನನಗ ಮನಸಾಗಲಿಲ್ಲ."

ಸೊಸೆ ಚಮಚ ಕೆಳಗಿಟ್ಟಳು. ಅಷ್ಟು ದಿನ ಬಾರದ ಅಳು ಆಗ ಬಂತು.

ಆ ಮನೆಯಲ್ಲಿ ಈಗಲೂ ರವಿವಾರ ರೊಟ್ಟಿ ಬಡಿಯುತ್ತಾರೆ, ಪುಡಿ ಕುಟ್ಟುತ್ತಾರೆ, ಸಂತೆ ಏಳುವ ಹೊತ್ತಿಗೇ ಕಾಯಿಪಲ್ಯ ತರುತ್ತಾರೆ. ಹೊರಗಿನ ತುತ್ತು ಈಗಲೂ ಒಳಗೆ ಬರುವುದಿಲ್ಲ. ಆದರೆ ದಿನ ಸಂಜೆ ಒಲೆ ಹೊತ್ತುತ್ತದೆ, ಒಂದು ಪಾತ್ರೆ ತೆಳ್ಳನೆಯ ಬೇಳೆ ಕುದಿಯುತ್ತದೆ. ಐದೂ ಜನ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಮುದುಕಿಯ ತಟ್ಟೆ ಬರಿದಾಗುವ ತನಕ ಯಾರೂ ಕೈ ತೊಳೆಯುವುದಿಲ್ಲ. ಮಷಿನ್ ಆಸ್ಪತ್ರೆಯ ಖರ್ಚಿಗೆ ಹೋಯಿತು. ದರ್ಜಿ ಮತ್ತೆ ಎರಡು ವರ್ಷ ಇನ್ನೊಬ್ಬರ ಅಂಗಡಿಯಲ್ಲೇ ಹೊಲಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿವಪುತ್ರಯ್ಯನ ಮುಖ ಇಳಿದುಹೋಗಿತ್ತು. ಹಾಗಾದರೆ ತನ್ನ ಏರ್ಪಾಡು ತಪ್ಪೇ, ನಾಳೆಯಿಂದ ಮೊದಲಿನಂತೆ ದಿನವೂ ಪೇಟೆಗೆ ಹೋಗಿ ದಿನವೂ ಬೇಯಿಸಬೇಕೇ ಎಂದು ಅವನು ಮೆಲ್ಲಗೆ ಕೇಳಿದ.

ಬೇಡ ಎಂದು ಗುರುಗಳು ತಲೆಯಾಡಿಸಿದರು. ಏರ್ಪಾಡು ಒಳ್ಳೆಯದಿದೆ, ಹಾಗೆಯೇ ನಡೆಯಲಿ ಎಂದರು. ಆಮೇಲೆ ಅವನ ಕಣ್ಣನ್ನೇ ನೋಡುತ್ತ ಕೇಳಿದರು.

"ಇವತ್ತು ಮಧ್ಯಾಹ್ನ ನಮ್ಮ ಪಂಕ್ತಿಯಲ್ಲಿ ಉಣ್ಣದೆ ಎದ್ದುಹೋದವರು ಯಾರು, ಹೇಳು."

ಶಿವಪುತ್ರಯ್ಯ ಎದ್ದು, ಪಂಕ್ತಿಯಲ್ಲಿ ಕೂತಿದ್ದವರನ್ನು ಒಬ್ಬೊಬ್ಬರಾಗಿ ಕೇಳಲು ಹೊರಟ.